ವಿಂಥ್ರಾಪ್‌ಗೆ ಅಪ್ಪ-ಅಮ್ಮನ ಜೊತೆ: ಮೂರನೇ ಸಲ ಗೆದ್ದಿದ್ದು

"ಅಲ್ಲೇನಿದೆ ಮಗಾ? ಮರದ ಬೋರ್ಡು, ಮರದ ಫುಟ್‌ಪಾತು. ವಯಸ್ಸಾದವರನ್ನ ನಾಲ್ಕು ಗಂಟೆ ಕೂರಿಸ್ಕೊಂಡು ಹೋಗೋ ಜಾಗನಾ ಅದು? ಸುಮ್ನೆ ಲೆವೆನ್‌ವರ್ತ್‌ಗೆ ಹೋಗು, ಸಂಜೆಗೆ ಮನೆ ಸೇರ್ಕೋ." ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೌಬಾಯ್ ವೇಷದ ಊರು ವಿಂಥ್ರಾಪ್. ಅದರ ಹೆಸರೆತ್ತಿದರೆ ಸಿಯಾಟಲ್ ಪಕ್ಕದ ಬಾತೆಲ್‌ನ ನಮ್ಮ ಗುಂಪಿನಲ್ಲಿ ಈ ಮಾತು ಹೇಳದವರಿಲ್ಲ. ಎರಡು ಸಲ ಸೋತು ಬಂದವನು ನಾನು, ಎದುರು ಮಾತಾಡುವ ಹಾಗಿರಲಿಲ್ಲ. ಈ ಜೂನ್‌ನಲ್ಲಿ ಅಪ್ಪ, ಅಮ್ಮ, ಹೆಂಡತಿ, ಎರಡು ಮಕ್ಕಳು, ನಾನು, ಆರು ಜನ ಮೂರು ರಾತ್ರಿ ಇದ್ದು ಬಂದೆವು. ಯಾರೂ ವಾಂತಿ ಮಾಡಲಿಲ್ಲ, ಯಾರೂ ಉಪವಾಸ ಬೀಳಲಿಲ್ಲ. ಅಪ್ಪ "ಮನೆಗೆ ಯಾವಾಗ" ಅಂತ ಒಂದು ಸಲವೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸೋತ ಕತೆ ಮೊದಲು. 2021ರ ಆಗಸ್ಟ್‌ನಲ್ಲಿ ಬುಕ್ ಮಾಡಿದ್ದೆ. ಸೀಡರ್ ಕ್ರೀಕ್ ಕಾಳ್ಗಿಚ್ಚಿಗೆ, ಬೆಟ್ಟ ದಾಟಿ ವಿಂಥ್ರಾಪ್‌ಗೆ ಹೋಗೋ 20ನೇ ನಂಬರ್ ರಸ್ತೆ ಬಂದ್ ಆಯಿತು, ಕಣಿವೆ ತುಂಬ ಹೊಗೆ. ಇಳಿದುಕೊಳ್ಳಬೇಕಿದ್ದ ಜಾಗದವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಬೆಂಕಿ ನಮ್ಮ ತಪ್ಪಲ್ಲ ಅಂದರು. ನನ್ನ ತಪ್ಪೂ ಅಲ್ಲ, ಆದರೆ ಹೋಗಿದ್ದು ನನ್ನ 380 ಡಾಲರ್.

ಎರಡನೇ ಸಲ ಏಪ್ರಿಲ್ ರಜೆಯಲ್ಲಿ, ಅತ್ತೆ ಬಂದಿದ್ದಾಗ. ಅದೇ 20ನೇ ರಸ್ತೆ ಹಿಮಕುಸಿತದ ಭಯಕ್ಕೆ ಸುಮಾರು ನವೆಂಬರ್‌ನಿಂದ ಏಪ್ರಿಲ್ ಕೊನೆಯವರೆಗೆ ಮುಚ್ಚಿರುತ್ತೆ. ಗೊತ್ತಿತ್ತು. ಸುತ್ತಿ ಹೋದರಾಯಿತು ಅನ್ನೋ ಧಿಮಾಕು. ಸ್ಟೀವನ್ಸ್ ಪಾಸ್ ಅನ್ನೋ ಘಾಟಿ ಹತ್ತಿ ಇಳಿದು, ಟಮ್‌ವಾಟರ್ ಕಣಿವೆಯ ತಿರುವುಗಳಲ್ಲಿ ಮಗಳು ಎರಡು ಸಲ ಕಕ್ಕಿ, ವೆನಾಚಿ ಮೇಲಾಸಿ ಹೋಗೋ ಹೊತ್ತಿಗೆ ಐದೂವರೆ ಗಂಟೆ ಆಗಿತ್ತು. ಊರಲ್ಲಿ ಅರ್ಧ ಅಂಗಡಿ ಮುಚ್ಚಿತ್ತು. ತೆರೆದಿದ್ದ ಒಂದು ಕಡೆ ವೆಜ್ ಬರ್ಗರ್ ಹೇಳಿದೆವು. ಅದನ್ನ ಮಾಂಸ ಸುಡುವ ಅದೇ ಕಾವಲಿ ಮೇಲೆ ತಿರುವಿ ಹಾಕಿದ್ದನ್ನ ಅತ್ತೆ ಕಣ್ಣಾರೆ ನೋಡಿಬಿಟ್ಟರು. ಎರಡು ದಿನ ಅವರು ತಿಂದಿದ್ದು ಬ್ರೆಡ್ಡು, ಬಾಳೆಹಣ್ಣು. ಬಿಲ್ಲು ಮಾತ್ರ ನೂರರ ಮೇಲೆ.

ಹಾಗಾಗಿ ಈ ಸಲ ತಾರೀಖಿನ ಮೇಲೇ ಜಾಸ್ತಿ ತಲೆ ಕೆಡಿಸಿಕೊಂಡೆ. ಶಾಲೆ ಮುಗಿದಿರಬೇಕು, ಜುಲೈ 4ರ ಜಾತ್ರೆ ಶುರುವಾಗಿರಬಾರದು, ಹೊಗೆ ಕಾಲ ಬಂದಿರಬಾರದು. ಸಿಗೋದು ಎಂಟು ಹತ್ತು ದಿನ ಅಷ್ಟೇ. ಅದರಲ್ಲೂ ಸೋಮವಾರ ಹೋಗಿ ಗುರುವಾರ ವಾಪಸ್. ವಾರಾಂತ್ಯಕ್ಕೆ ರಾತ್ರಿಗೆ 290 ಡಾಲರ್ ಹೇಳೋ ಕ್ಯಾಬಿನ್ ಸೋಮವಾರಕ್ಕೆ 190 ಚಿಲ್ಲರೆಗೆ ಸಿಕ್ಕಿತು. ಸ್ಟವ್ ಇದೆ, ಫ್ರಿಜ್ ಇದೆ, ಬಿಸಿಲು ಬೀಳೋ ಜಗಲಿ ಇದೆ. ಯಾವುದು ಅಂತ ಕೇಳಬೇಡಿ. ಬರೆದರೆ ಮುಂದಿನ ವರ್ಷ ನನಗೇ ಸಿಗಲ್ಲ. ನಷ್ಟ ಒಂದೇ, ಪಕ್ಕದೂರು ಟ್ವಿಸ್ಪ್‌ನ ರೈತರ ಸಂತೆ ಶನಿವಾರ, ಅದು ತಪ್ಪಿತು.

ಹೋಗುವಾಗ 20ನೇ ರಸ್ತೆ, ಬರುವಾಗ ವೆನಾಚಿ ಕಡೆಯಿಂದ. ಹೀಗೆ ಸುತ್ತಿದರೆ ಎಲ್ಲರ ಮೈಯಲ್ಲಿ ಕಸುವಿರುವಾಗಲೇ ಘಾಟಿ ಮುಗಿದಿರುತ್ತೆ. ಬೆಳಿಗ್ಗೆ ಆರೂವರೆಗೆ ಬಿಟ್ಟೆವು. ಮಾರ್ಬಲ್‌ಮೌಂಟ್‌ನಲ್ಲಿ ಟ್ಯಾಂಕ್ ತುಂಬಿಸಿದೆ. ಅಲ್ಲಿಂದ ವಿಂಥ್ರಾಪ್‌ಗೆ ಮುಂಚೆ ಸಿಗೋ ಮಜಾಮವರೆಗೆ ಹತ್ತಿರ ಹತ್ತಿರ 70 ಮೈಲಿ ಬಂಕೂ ಇಲ್ಲ, ಫೋನೂ ಇಲ್ಲ. ನ್ಯೂಹೇಲಮ್‌ನಲ್ಲಿ ಹುಲ್ಲಿನ ಮೇಲೆ ಚಿತ್ರಾನ್ನ. ಸಿಯಾಟಲ್‌ಗೆ ಕರೆಂಟ್ ಕೊಡೋ ಕಂಪನಿ ಕಟ್ಟಿದ ಊರು ಅದು. ಹಳೇ ಉಗಿ ಇಂಜಿನ್ ಒಂದನ್ನ ನಿಲ್ಲಿಸಿದ್ದಾರೆ, ಮಕ್ಕಳಿಗೆ ಅರ್ಧ ಗಂಟೆ ಅದೇ ಸಾಕಾಯಿತು. ಡಯಾಬ್ಲೊ ಸರೋವರದ ಬಣ್ಣ ನೋಡಿ ಅಮ್ಮ "ಏನೋ ಕಲಸಿದಾರೆ ಕಣೋ" ಅಂದರು. ಹಿಮನದಿ ಅರೆದ ಕಲ್ಲಿನ ಹಿಟ್ಟು, ಅಮ್ಮನ ಮಾತು ಸುಳ್ಳೇನಲ್ಲ.

ವಾಷಿಂಗ್ಟನ್ ಪಾಸ್ 5,477 ಅಡಿ. ಜೂನ್ ಕೊನೆಯಲ್ಲೂ ದಾರಿ ಬದಿ ಹಿಮದ ಗುಪ್ಪೆ. ಅಲ್ಲಿಂದ ಇಳಿದು ಅರ್ಧ ಗಂಟೆ ಆಗಿರಲಿಲ್ಲ, ಪಾಚಿ ಕಟ್ಟಿದ ಕಾಡು ಮಾಯ, ಒಣ ಗುಡ್ಡ, ಚದುರಿದ ಪೈನ್ ಮರ. ಅಪ್ಪ ಕಿಟಕಿ ಇಳಿಸಿ, "ಸಕಲೇಶಪುರದಿಂದ ಅರಸೀಕೆರೆ ದಾಟಿ ತಿಪಟೂರಿಗೆ ಬಂದಂಗಾಯ್ತಲ್ಲ" ಅಂದರು. ಮಳೆಯನ್ನೆಲ್ಲ ಬೆಟ್ಟದ ಆಚೆಯವರು ಹಿಡ್ಕೊಂಡು ಉಳಿದಿದ್ದನ್ನ ಈಚೆಯವರಿಗೆ ಬಿಡೋ ಲೆಕ್ಕ. ತಿಪಟೂರಿನವರಿಗೆ ಇದನ್ನ ಯಾರೂ ವಿವರಿಸಬೇಕಿಲ್ಲ. ಅಲ್ಲಿಂದ ಮುಂದೆ ಅಪ್ಪ ನಮ್ಮೂರಿಗೆ ಬಂದವರ ಹಾಗೆ ಓಡಾಡಿದರು.

ವಿಂಥ್ರಾಪ್ ಊರು ಅಂದರೆ ಐನೂರು ಜನ. ಮೆಥೌ, ಚೀವಕ್ ಅಂತ ಎರಡು ಹೊಳೆ ಕೂಡೋ ಜಾಗ. ಮರದ ಹಲಗೆಯ ಕಾಲುದಾರಿ, ಕೈಯಲ್ಲಿ ಬರೆದಂಥ ಬೋರ್ಡು. ಬೋರ್ಡು ಹೀಗೇ ಇರಬೇಕು ಅಂತ ಊರಿನ ಕಾನೂನೇ ಇದೆ. ಐಸ್‌ಕ್ರೀಮ್ ಅಂಗಡಿಯಲ್ಲಿ ಕೂರೋಕೆ ಸ್ಟೂಲ್ ಬದಲು ಕುದುರೆ ಜೀನು. ಅಪ್ಪ ಅಂಗಡಿ ಸಾಲಿನ ಮುಂದೆ ನಿಂತು ಕೇಳಿದರು, "ಇದು ಸೆಟ್ಟು ತಾನೇ?" ಹೂಂ ಅಂದೆ. 1972ರಲ್ಲಿ ಈ ಹೆದ್ದಾರಿ ತೆರೆದಾಗ, ಕಾರಿನವರು ನಿಲ್ಲಲಿ ಅಂತ ಅಂಗಡಿಯವರು ಸೇರಿ ಮುಖ ಬದಲಾಯಿಸಿಕೊಂಡರು. ಸಾಮಿಲ್ ಮಾಲೀಕರ ಮನೆಯ ಕ್ಯಾಥರಿನ್ ವ್ಯಾಗ್ನರ್ ದುಡ್ಡು ಹಾಕಿದಳು. ಲೆವೆನ್‌ವರ್ತ್‌ಗೆ ಜರ್ಮನ್ ವೇಷ ಹಾಕಿಸಿದ ಕೆಲಸದಲ್ಲಿದ್ದ ರಾಬರ್ಟ್ ಜೋರ್ಗನ್‌ಸನ್ ಇದಕ್ಕೆ ಕೌಬಾಯ್ ವೇಷ ಬರೆದುಕೊಟ್ಟ.

ಅಪ್ಪ ಸೀದಾ ಅಂಗಡಿಗಳ ಹಿಂದಕ್ಕೆ ಹೋದರು. ಮುಂದೆ ಎರಡಂತಸ್ತಿನ ಹಾಗೆ ಎದೆ ಸೆಟೆಸಿ ನಿಂತ ಹಲಗೆ, ಹಿಂದೆ ಬಗ್ಗಿದ ತಗಡಿನ ಮಾಡು, ಏಸಿ ಡಬ್ಬ, ಕಸದ ತೊಟ್ಟಿ. "ಗುಬ್ಬಿ ಕಂಪನಿ ಸೀನರಿ! ನಾವು ಹುಡುಗ್ರಾಗಿದ್ದಾಗ ಪರದೆ ಹಿಂದೆ ನುಗ್ಗಿ ಒದೆ ತಿಂತಿದ್ವಿ" ಅಂತ ನಗಾಡಿದರು. ನನ್ನನ್ನ ಕೇಳಿದರೆ ಊರಿನ ಹಿಂಬದಿಯೇ ಚೆಂದ. ಎಲ್ಲ ಬಣ್ಣವೂ ಅಲ್ಲ ಅನ್ನಿ. ಊರು ಕಟ್ಟಿದ ಗೈ ವೇರಿಂಗ್‌ನ ಮರದ ದಿಮ್ಮಿಯ ಮನೆ ಗುಡ್ಡದ ಮೇಲಿದೆ, ಈಗ ಮ್ಯೂಸಿಯಂ, ಅದು ನಿಜಕ್ಕೂ 1890ರ ದಶಕದ್ದು.

ಇನ್ನು ಊಟ. ರೈಸ್ ಕುಕ್ಕರ್, ಮಿಕ್ಸಿ, ದೋಸೆ ಕಾವಲಿ ಮೂರೂ ಹೊತ್ತೊಯ್ದೆ. ಹೆಂಡತಿ ನಕ್ಕಳು, ನಗಲಿ. ಮೊದಲ ದಿನ ಕೂಲರ್‌ನಲ್ಲಿಟ್ಟ ದೋಸೆ ಹಿಟ್ಟು ಹುಳಿಯೇ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಪಾತ್ರೆಯನ್ನ ಬಿಸಿಲಲ್ಲಿ ನಿಂತ ಕಾರೊಳಗೆ ಇಟ್ಟೆ, ಮಧ್ಯಾಹ್ನಕ್ಕೆ ಮುಚ್ಚಳ ಎತ್ತಿಕೊಂಡು ಬಂದಿತ್ತು. ಸೀಟಿಗೆ ಸ್ವಲ್ಪ ಚೆಲ್ಲಿದೆ, ಈಗಲೂ ವಾಸನೆ ಇದೆ. ಕಿಟಕಿ ಎಷ್ಟು ಇಳಿಸಿದ್ದೆ, ಎಷ್ಟು ಹೊತ್ತಿಗೆ ನೆರಳಿಗೆ ತಂದೆ ಅನ್ನೋದು ನನ್ನಲ್ಲೇ ಇರಲಿ.

ಆ ಬಿಸಿಲು ನೋಡಿ ಅಮ್ಮನಿಗೆ ಹೊಳೆದಿದ್ದು ಸಂಡಿಗೆ. ಬಾತೆಲ್‌ನಲ್ಲಿ ಹೋದ ವರ್ಷ ಹಾಕಿದ್ದಕ್ಕೆ ಬೂಷ್ಟು ಹಿಡಿದಿತ್ತು, ಓವನ್‌ನಲ್ಲಿ ಒಣಗಿಸಿದ್ದು ಕೆಂಪಾಗಿ ಕೂತಿತ್ತು. ಇಲ್ಲಿನ ಅಂಗಡಿಯಲ್ಲಿ ಸಾಬೂದಾನಿ ಎಲ್ಲಿ ಸಿಗುತ್ತೆ ಅಂತ ನಾನು ಅನ್ನೋಷ್ಟರಲ್ಲಿ ಅಮ್ಮ ಸೂಟ್‌ಕೇಸಿನಿಂದ ಒಂದು ಕೆ.ಜಿ. ಪ್ಯಾಕೆಟ್ ತೆಗೆದರು. ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಗಂಜಿ ಕಾಸಿ, ಜಗಲಿ ಮೇಲೆ ಪ್ಲಾಸ್ಟಿಕ್ ಹಾಸಿ, ಚಮಚದಲ್ಲಿ ಒಂದೊಂದೇ ಬಿಟ್ಟರು. ಮಧ್ಯಾಹ್ನದ ಗಾಳಿಗೆ ಹಾಳೆ ಹಾರದ ಹಾಗೆ ನಾಲ್ಕು ಮೂಲೆಗೂ ಹೊಳೆಗಲ್ಲು. ಇಲ್ಲಿ ಕಾಗೆ ಕಾಟವಿಲ್ಲ, ಚಿಪ್‌ಮಂಕ್ ಕಾಟ. ನಮ್ಮ ಅಳಿಲಿನ ಸೋದರಮಾವ. ಒಂದಿಡೀ ಸಾಲು ಹೊತ್ತೊಯ್ದ ಮೇಲೆ ಮಗನನ್ನ ಕಾವಲಿಗೆ ಕೂರಿಸಿದರು. ಅಂಗಡಿಯಲ್ಲಿ 18 ಡಾಲರ್ ಕೊಟ್ಟು ಕೊಂಡ ಕೌಬಾಯ್ ಟೋಪಿ ತಲೆ ಮೇಲೆ, ಕೈಯಲ್ಲಿ ಪೊರಕೆ ಕಡ್ಡಿ. ಎರಡನೇ ದಿನ ಸಂಜೆಗೆ ಅಂಚು ಮಡಚಿಕೊಂಡು ತಾವಾಗೇ ಎದ್ದವು.

ಒಂದು ಬೆಳಿಗ್ಗೆ ಟ್ವಿಸ್ಪ್ ದಾರಿಯಲ್ಲಿರೋ ಸ್ಮೋಕ್‌ಜಂಪರ್ ನೆಲೆಗೆ ಹೋದೆವು. ವಿಮಾನದಿಂದ ಕಾಡ್ಗಿಚ್ಚಿಗೆ ಹಾರೋದನ್ನ 1939ರಲ್ಲಿ ಪ್ರಯೋಗ ಮಾಡಿದ ಜಾಗ. ಬಿಟ್ಟಿ. ಆಜಾನುಬಾಹು ಗಂಡಸರು ತಮ್ಮ ಚೀಲ, ಬಟ್ಟೆ ತಾವೇ ಹೊಲಿದುಕೊಳ್ಳೋ ಹೊಲಿಗೆ ಮಷಿನ್ ಮುಂದೆ ಅಮ್ಮ ಕಾಲು ಗಂಟೆ ನಿಂತರು. "ನಿಮ್ಮಪ್ಪಂಗೆ ಗುಂಡಿ ಹಾಕಕ್ಕೂ ಬರಲ್ಲ."

ಲೆಕ್ಕ ಬಾಯಲ್ಲೇ ಹೇಳ್ತೀನಿ. ಕ್ಯಾಬಿನ್ ತೆರಿಗೆ ಸೇರಿ 650ರ ಹತ್ತಿರ, ಪೆಟ್ರೋಲ್ 85, ತರಕಾರಿ ಹಾಲು 60, ಐಸ್‌ಕ್ರೀಮ್ ಟೋಪಿ ಅಂತ ಇನ್ನೊಂದು 80. ಬರುವಾಗ ದಾರಿ ಬದಿ ಚೆರಿ ಹಣ್ಣಿಗೆ 20. ಒಂಬೈನೂರರ ಒಳಗೆ ಆರು ಜನ.

ಮುಂದಿನ ಭಾನುವಾರ ನಮ್ಮ ಗುಂಪಿನ ಊಟಕ್ಕೆ ಅಮ್ಮ ಸಂಡಿಗೆ ಕರಿದು ಕಳಿಸಿದರು. "ಅಲ್ಲೇನಿದೆ" ಅಂದವನೇ ಮೂರನೇ ಸಲ ಕೈ ಹಾಕಿದ. ಇಂಡಿಯಾದಿಂದ ಬಂದಿದ್ದಾ ಅಂದ. ವಿಂಥ್ರಾಪ್‌ದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕ್ಯಾಬಿನ್ ನಂಬರ್ ಕೇಳಿದ. ಡಬ್ಬ ಅವನ ಕಡೆ ತಳ್ಳಿದೆ, ಇನ್ನೆರಡು ಹಾಕ್ಕೋ ಅಂದೆ.