ಪರ್ಸೆಂಟ್ ಬಿಟ್ಟು ಆಂಪಿಯರ್ ಎಣಿಸಿದೆ: ಹಳೇ ಇವಿ ಬ್ಯಾಟರಿ ಅಳೆದ ನನ್ನ ಅನುಭವ

ಹಳೇ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿ ಎಷ್ಟು ದಮ್ಮು ಉಳಿದಿದೆ ಅಂತ ಹೊರಗಿನ ಗ್ಯಾರೇಜಿನವರು ಹೇಳೋಕೆ ಸಾಧ್ಯವೇ ಇಲ್ಲ ಅನ್ನೋದು ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಡೀಲರ್‌ಗಳ ಗಟ್ಟಿ ನಂಬಿಕೆಯಾಗಿತ್ತು. 'ಸ್ಕ್ಯಾನರ್‌ನ್ಯಾಗ 95 ಪರ್ಸೆಂಟ್ ತೋರ್ಸಾಕತ್ತೈತಲ್ರಿ, ನೀವು ಮತ್ತೇನ್ ಹೊಸದು ಹೇಳವ್ರು' ಅಂತ ಮುಖದ ಮೇಲೇ ಕೇಳಿದವರಿದ್ದಾರೆ. ಈಗ ಅದೇ ಡೀಲರ್‌ಗಳು ಗೋಕುಲ ರಸ್ತೆಯಿಂದ ಗಾಡಿ ತಂದು ನನ್ನ ಅಂಗಳದಲ್ಲಿ ರಾತ್ರಿ ಬಿಟ್ಟು ಹೋಗುತ್ತಾರೆ, ಬೆಳಿಗ್ಗೆ ನನ್ನ ಅಂಕಿ ಕೇಳಿಕೊಂಡು ರೇಟು ಕಟ್ಟುತ್ತಾರೆ. ಇಲ್ಲಿಯವರೆಗೆ ಬರಲು ಎರಡು ವರ್ಷದ ಮೇಲೆ ಹಿಡಿಯಿತು, ರೊಕ್ಕವೂ ಸಾಕಷ್ಟು ಹೋಯಿತು. ಇದೇ ಕೆಲಸಕ್ಕೆ ಕೈ ಹಾಕಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಬಿಎಂಎಸ್ ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಗಾಡಿಯೊಳಗಿನ ಕಂಪ್ಯೂಟರ್, ಒಬಿಡಿ ಅಂದರೆ ಗಾಡಿಯ ಅಂಕಿ ಓದಲು ಇರುವ ಸಾಕೆಟ್, ಇಷ್ಟು ಗೊತ್ತಿದ್ದರೆ ಸಾಕು.

ಕೆಲಸಕ್ಕೆ ಬಾರದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ, ರೊಕ್ಕ ಹೆಚ್ಚು ಹೋದದ್ದೇ ಅಲ್ಲಿ.

ಒಬಿಡಿಗೆ ಸಿಕ್ಕಿಸಿ ಗಾಡಿಯ ಅಂಕಿ ಓದುವ, ಆರುನೂರು ರೂಪಾಯಿಯ ಇಎಲ್‌ಎಂ327 ನಕಲು ಡಾಂಗಲ್‌ಗಳನ್ನು ಒಂದಾದ ಮೇಲೊಂದು ತರಿಸಿದೆ. ವೇಗ, ಮೋಟಾರಿನ ಬಿಸಿ ಇಂಥವನ್ನು ಕೊಡುತ್ತವೆ. ಎಲ್ಲ ಸೆಲ್‌ಗಳ ವೋಲ್ಟೇಜ್ ಒಟ್ಟಿಗೆ ಕೇಳಿದರೆ ಉದ್ದದ ಉತ್ತರ ಹಿಡಿಯಲಾಗದೆ ಅರ್ಧಕ್ಕೇ ಕೈ ಬಿಡುತ್ತವೆ, ಇಲ್ಲವೇ ಹಿಂದಿನ ಸೆಲ್‌ನ ಅಂಕಿಯನ್ನೇ ಮುಂದಿನದಕ್ಕೂ ಹಾಕುತ್ತವೆ. ಕೊನೆಗೆ ನಾಲ್ಕು ಸಾವಿರದ ಹತ್ತಿರ ಕೊಟ್ಟು ಒಂದು ಚಲೋ ಡಾಂಗಲ್ ತಂದ ಮೇಲೆಯೇ ಲಾಗ್ (ಅಂಕಿಗಳ ದಾಖಲೆ) ಕಡಿಯದೆ ಬರಲು ಶುರುವಾದದ್ದು. ಇಲ್ಲಿ ಉಳಿಸಲು ಹೋಗಬೇಡಿ.

ಇನ್ನು ಹೊಸದಕ್ಕೆ ಹೋಲಿಸಿದರೆ ಬ್ಯಾಟರಿ ನೂರಕ್ಕೆ ಎಷ್ಟು ಉಳಿದಿದೆ ಅಂತ ಸ್ಕ್ಯಾನರ್ ತೋರಿಸುವ ಎಸ್‌ಒಎಚ್. ಅದು ಅಳತೆಯಲ್ಲ, ಬಿಎಂಎಸ್ ತನ್ನ ಪಾಡಿಗೆ ಕಟ್ಟಿಕೊಂಡ ಅಂದಾಜು. ಗಾಡಿ ಯಾವತ್ತೂ ತಳ ಮುಟ್ಟದೆ 40ರಿಂದ 80ರ ನಡುವೆಯೇ ಓಡಾಡಿಕೊಂಡಿದ್ದರೆ ಆ ಅಂದಾಜು ಸರಿಹೋಗಲು ಅವಕಾಶವೇ ಸಿಗುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮಾರನೇ ದಿನವೇ 91 ಇದ್ದದ್ದು 98ಕ್ಕೆ ಏರಿದ ಗಾಡಿಯನ್ನು ಕಣ್ಣಾರೆ ನೋಡಿದ್ದೇನೆ. ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಅಂಕಿಯಂತೂ ಹಿಂದಿನ ಓಟ ಹೇಗಿತ್ತೋ ಹಾಗೆ. ಮಾರುವವರು ನವನಗರದ ಖಾಲಿ ರಸ್ತೆಯಲ್ಲಿ ಇಕೋದಲ್ಲಿಟ್ಟು ಮೂವತ್ತರ ವೇಗದಲ್ಲಿ ಎರಡು ದಿನ ಓಡಿಸಿದರೆ ಸಾಕು, ಸೊರಗಿದ ಬ್ಯಾಟರಿಯೂ ಹೊಸದರ ಅಂಕಿ ತೋರಿಸುತ್ತದೆ.

ಆಮೇಲೆ ರಸ್ತೆಗಿಳಿದೆ. ಗಬ್ಬೂರಿನಿಂದ ನರೇಂದ್ರದವರೆಗೆ ಬೈಪಾಸ್‌ನಲ್ಲಿ ಒಂದೇ ವೇಗ ಹಿಡಿದು, ಎಷ್ಟು ಪರ್ಸೆಂಟ್ ಇಳಿಯಿತು ನೋಡಿ ಲೆಕ್ಕ ಹಾಕೋಣ ಅಂತ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೆಚ್ಚುಕಮ್ಮಿ ನೂರು ಮೀಟರ್ ಏರು. ಜನ ಸೇರಿ 1600 ಕೆಜಿ ತೂಗುವ ಗಾಡಿಯನ್ನು ಅಷ್ಟು ಎತ್ತರಕ್ಕೆ ಒಯ್ಯಲು ಅರ್ಧ ಯೂನಿಟ್ಟಿನ ಹತ್ತಿರ ಬೇಕು. ಮೂವತ್ತು ಕಿಲೋಮೀಟರಿಗೆ ಒಟ್ಟು ನಾಲ್ಕು ಯೂನಿಟ್ ಹೋಗುವ ಕಡೆ ಇದು ಸಣ್ಣದಲ್ಲ. ಹೋಗಿ ಬಂದು ಸರಾಸರಿ ಹಾಕಿದರೆ ಏರಿಳಿತ ಸರಿಹೋಗುತ್ತದೆ, ಗಾಳಿ ಸರಿಹೋಗುವುದಿಲ್ಲ. ಆಷಾಢದಲ್ಲಿ ಗದಗ ರಸ್ತೆಗೆ ಹೋಗಿ ನೋಡಿ. ಹೋಗುವಾಗ ಪಡುವಣ ಗಾಳಿ ಹಿಂದಿನಿಂದ ತಳ್ಳುತ್ತದೆ, ವಾಪಸ್ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಬಯಲಿನಲ್ಲಿ ಎದುರಿಗೆ ಹೊಡೆಯುತ್ತದೆ. ನೂರು ಕಿಲೋಮೀಟರಿಗೆ 12 ಯೂನಿಟ್ ಕುಡಿದ ಗಾಡಿಯೇ ಬರುವಾಗ 16 ಕುಡಿಯಿತು. ರಸ್ತೆ ಪರೀಕ್ಷೆಯಲ್ಲಿ ಅಳತೆಗೆ ಸಿಗುವುದು ಗಾಳಿ ಮತ್ತು ಟೈರು, ಬ್ಯಾಟರಿಯಲ್ಲ.

ಮೂರನೆಯದು ಸಾಕೆಟ್ ಮೀಟರ್. 15 ಆಂಪಿಯರ್ ಪಾಯಿಂಟಿಗೆ ಸಾವಿರದಿನ್ನೂರರ ಮೀಟರ್ ಸಿಕ್ಕಿಸಿ, 10ರಿಂದ 100ಕ್ಕೆ ಎಷ್ಟು ಯೂನಿಟ್ ಹೋಯಿತು ನೋಡಿ, ಚಾರ್ಜರ್ ನಷ್ಟ 12 ಪರ್ಸೆಂಟ್ ಕಳೆಯುವುದು. ಬಹಳ ಜನ ಇಲ್ಲಿಗೇ ನಿಲ್ಲಿಸಿದ್ದಾರೆ. ಆದರೆ ಆ 12 ಸ್ಥಿರ ಅಲ್ಲ. ನಮ್ಮ ಓಣಿಯಲ್ಲಿ ಸಂಜೆ ವೋಲ್ಟೇಜ್ 195ಕ್ಕೆ ಇಳಿದಾಗ ಚಾರ್ಜಿಂಗ್ ಎರಡು ತಾಸು ಹೆಚ್ಚು ಎಳೆಯುತ್ತದೆ. ಪಂಪು, ಕಂಟ್ರೋಲರ್ ಎಲ್ಲ ಅಷ್ಟು ಹೊತ್ತೂ ಎಚ್ಚರವಿದ್ದು ತಮ್ಮ ಪಾಲು ತಿನ್ನುತ್ತವೆ, ನಷ್ಟ 15ರ ಮೇಲೆ ಹೋಗುತ್ತದೆ. ಡೀಲರ್ ಒಬ್ಬರ ಯಾರ್ಡಿನಲ್ಲಿ ಒಂದೂವರೆ ಸ್ಕ್ವೇರ್ ಎಂಎಂ ವಾಯರನ್ನು ಮೂವತ್ತು ಮೀಟರ್ ಎಳೆದಿದ್ದರು. ಹೋಗಿಬರುವ ತಂತಿ ಅರವತ್ತು ಮೀಟರ್, ಮುಕ್ಕಾಲು ಓಮಿಗೆ ಸ್ವಲ್ಪ ಕಡಿಮೆ. 14 ಆಂಪಿಯರಿಗೆ ಆ ವಾಯರ್ ಒಂದೇ 140 ವ್ಯಾಟ್ ಸುಡುತ್ತಿತ್ತು. ಮೀಟರ್ ಗೋಡೆಯ ಕಡೆ ಇದ್ದದ್ದರಿಂದ ಅದೂ ಬ್ಯಾಟರಿಯ ಲೆಕ್ಕಕ್ಕೇ ಸೇರಿ, ಸೊರಗಿದ ಗಾಡಿ ಗಟ್ಟಿಮುಟ್ಟಾಗಿ ಕಂಡಿತ್ತು.

ಇಷ್ಟಾದ ಮೇಲೆ ಒಂದು ವಿಷಯ ಖಾತ್ರಿಯಾಯಿತು: ಮೂರೂ ದಾರಿಯ ಬೇರಿನಲ್ಲೇ ದೋಷವಿದೆ, ಏಕೆಂದರೆ ಮೂರೂ ಎಷ್ಟು ಚಾರ್ಜ್ ಇದೆ ಅಂತ ಗಾಡಿ ತೋರಿಸುವ ಪರ್ಸೆಂಟ್ ಮೇಲೆ ನಿಂತಿವೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್, ನನ್ನ ಹತ್ತಿರ ಬರುವ ಹೆಚ್ಚಿನ ಗಾಡಿಗಳಲ್ಲಿ ಇದೇ) ಸೆಲ್ ಸುಮಾರು 20ರಿಂದ 90 ಪರ್ಸೆಂಟಿನವರೆಗೆ 3.3 ವೋಲ್ಟ್ ಆಸುಪಾಸಿನಲ್ಲೇ ಅಲುಗಾಡದೆ ಕೂರುತ್ತದೆ. ನಡುವಿನಲ್ಲಿ ವೋಲ್ಟೇಜ್ ನೋಡಿ ಪರ್ಸೆಂಟ್ ಹೇಳುವುದು ಬಿಎಂಎಸ್‌ಗೂ ಆಗದ ಮಾತು, ಅದು ಒಳಗೆ ಬಂದ ಕರೆಂಟು ಹೊರಗೆ ಹೋದ ಕರೆಂಟು ಕೂಡಿ ಕಳೆದು ಅಂದಾಜು ಮಾಡುತ್ತದೆ. ತಿಂಗಳಾನುಗಟ್ಟಲೆ ಫುಲ್ ಚಾರ್ಜ್ ಆಗದ ಗಾಡಿಯಲ್ಲಿ ಆ ಅಂದಾಜು ಏಳೆಂಟು ಪರ್ಸೆಂಟ್ ಆಚೀಚೆ ಸರಿದಿರುತ್ತದೆ. ಅಂಥ 10ರಿಂದ ಎಣಿಕೆ ಶುರು ಮಾಡಿದರೆ ಉತ್ತರ ಸರಿ ಬರುವುದಾದರೂ ಹೇಗೆ?

ಹಾಗಾಗಿ ಪರ್ಸೆಂಟ್ ನೋಡುವುದನ್ನೇ ಬಿಟ್ಟೆ. ಎಲ್‌ಎಫ್‌ಪಿ ವೋಲ್ಟೇಜ್ ನಂಬಿಕೆಗೆ ಯೋಗ್ಯ ಆಗುವುದು ಎರಡೇ ಜಾಗದಲ್ಲಿ: ತಳದಲ್ಲಿ ದಡಕ್ಕನೆ ಬೀಳುವಾಗ, ಮೇಲೆ ದಡಕ್ಕನೆ ಏರುವಾಗ. ಆ ಎರಡು ತಿರುವುಗಳೇ ನನ್ನ ಗಡಿಕಲ್ಲು. ಅವುಗಳ ನಡುವೆ ಎಷ್ಟು ಆಂಪಿಯರ್-ಅವರ್ (ಆಂಪಿಯರ್ ಗುಣಿಸು ತಾಸು) ಒಳಗೆ ಹೋಯಿತೋ ಅದೇ ಬ್ಯಾಟರಿಯ ಈಗಿನ ಅಳತೆ. ಯೂನಿಟ್ ಎಣಿಸುವುದಕ್ಕಿಂತ ಆಂಪಿಯರ್-ಅವರ್ ಎಣಿಸುವುದು ಮೇಲು, ಯಾಕೆಂದರೆ ಬಿಸಿಯಾಗಿ ಹೋಗುವ ನಷ್ಟ ಯೂನಿಟ್ಟಿನಲ್ಲಿ ಸೇರಿಕೊಳ್ಳುತ್ತದೆ, ಆಂಪಿಯರ್-ಅವರ್‌ನಲ್ಲಿ ಬಹುತೇಕ ಇಲ್ಲ. ಉದಾಹರಣೆಗೆ 2020ರ ನೆಕ್ಸಾನ್ ಇವಿಯ 30.2 ಯೂನಿಟ್ ಪ್ಯಾಕಿಗೆ 320 ವೋಲ್ಟ್ ಹಿಡಿದರೆ ಹೊಸದರಲ್ಲಿ 94 ಆಂಪಿಯರ್-ಅವರ್ ಹತ್ತಿರ ಬರುತ್ತದೆ. ಅಳೆದದ್ದು ಅದರಲ್ಲಿ ನೂರಕ್ಕೆ ಎಷ್ಟು ಅಂತ ಹೋಲಿಸಿ ಹೇಳುತ್ತೇನೆ.

ತಳ ಮುಟ್ಟಿಸುವುದೇ ನಾಜೂಕಿನ ಕೆಲಸ. ರಸ್ತೆಯಲ್ಲಿ ಖಾಲಿ ಮಾಡಲು ಹೋದರೆ ತಾರಿಹಾಳದಿಂದ ಟೋ ಮಾಡಿಸಿಕೊಂಡು ಬರಬೇಕಾಗುತ್ತದೆ, ಮೇಲಾಗಿ ಆಕ್ಸಿಲರೇಟರ್ ತುಳಿದಾಗಲೆಲ್ಲ ವೋಲ್ಟೇಜ್ ಕುಣಿಯುತ್ತದೆ. ನಾನು ಹನ್ನೆರಡು-ಹದಿನೈದು ಪರ್ಸೆಂಟ್ ತೋರಿಸುವವರೆಗೆ ಓಡಿಸಿ, ಅಂಗಡಿ ಮುಂದೆ ಚಾರ್ಜರ್ ಪಕ್ಕದಲ್ಲೇ ನಿಲ್ಲಿಸಿ, ಕಿಟಕಿ ಇಳಿಸಿ ಹೀಟರ್ ಪೂರ್ತಿ ಹಚ್ಚಿಬಿಡುತ್ತೇನೆ. ಎರಡು-ಮೂರು ಕಿಲೋವ್ಯಾಟ್, ಅಲುಗಾಡದ ಲೋಡ್. ಈ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಪರದೆ ನೋಡಬೇಕು. ಎಲ್ಲ ಸೆಲ್‌ಗಳೂ 3.2ರ ಸುತ್ತ ಒಂದೇ ಸಾಲಿನಲ್ಲಿ ಇಳಿಯುತ್ತಿರುತ್ತವೆ. ದುರ್ಬಲ ಸೆಲ್ ಇದ್ದರೆ ಅದೊಂದೇ ಸಾಲು ಬಿಟ್ಟು ಕೆಳಗೆ ಜಾರುತ್ತದೆ: 3.18, 3.15, 3.09, ನೋಡನೋಡುತ್ತಲೇ 3.02. ಉಳಿದವು ಇನ್ನೂ 3.19ರಲ್ಲೇ ಇರುತ್ತವೆ. ಐವತ್ತು ಪರ್ಸೆಂಟಿನಲ್ಲಿ ನಿಲ್ಲಿಸಿ ಸೆಲ್ ವ್ಯತ್ಯಾಸ ಬರೀ ಐದು ಮಿಲಿವೋಲ್ಟ್ ಅಂತ ಫೋಟೋ ಕಳಿಸುತ್ತಾರಲ್ಲ, ಆ ಫೋಟೋದಲ್ಲಿ ಈ ಸೆಲ್ ಕಾಣಿಸುವುದೇ ಇಲ್ಲ.

ಯಾವ ವೋಲ್ಟಿಗೆ ಹೀಟರ್ ಬಂದ್ ಮಾಡುತ್ತೇನೆ, ಆಮೇಲೆ ಎಷ್ಟು ಹೊತ್ತು ಗಾಡಿಯನ್ನು ಸುಮ್ಮನೆ ಬಿಡುತ್ತೇನೆ ಅನ್ನುವ ಎರಡು ಅಂಕಿ ನನ್ನ ಡೈರಿಯಲ್ಲೇ ಇರಲಿ. ನನ್ನ ಹೊಟ್ಟೆಪಾಡು ಅದರ ಮೇಲಿದೆ. ನಾಲ್ಕಾರು ಗಾಡಿ ಮಾಡಿದರೆ ನಿಮಗೂ ಸಿಗುತ್ತವೆ.

ಆಮೇಲೆ ರಾತ್ರಿಯಿಡೀ ನಿಧಾನ ಚಾರ್ಜ್, ಲಾಗ್ ಬಿಡದೆ. ಇಲ್ಲೇ ನನ್ನನ್ನು ತಿಂಗಳುಗಟ್ಟಲೆ ಸತಾಯಿಸಿದ ವಿಷಯ ಇರುವುದು. ಒಂದೇ ಗಾಡಿಯನ್ನು ಎರಡು ಸಲ ಅಳೆದರೆ 89 ಒಮ್ಮೆ, 93 ಒಮ್ಮೆ. ಕಾರಣ ಕರೆಂಟ್ ಸೆನ್ಸರ್. ಅದನ್ನು ಇಟ್ಟಿರುವುದು ಮುನ್ನೂರು-ನಾನೂರು ಆಂಪಿಯರ್ ಅಳೆಯಲು. ನಿಧಾನ ಚಾರ್ಜಿನಲ್ಲಿ ಪ್ಯಾಕಿಗೆ ಹೋಗುವುದು ಒಂಬತ್ತು ಆಂಪಿಯರ್ ಅಷ್ಟೇ. ಸೆನ್ಸರ್ ಸೊನ್ನೆಯಲ್ಲೇ 0.3 ಆಂಪಿಯರ್ ತಪ್ಪು ತೋರಿಸಿದರೆ ಉತ್ತರದಲ್ಲಿ ಮೂರು ಪರ್ಸೆಂಟ್ ಹೋಯಿತು! ಓಡುವ ಗಾಡಿಗೆ ಇದು ಲೆಕ್ಕಕ್ಕೇ ಇಲ್ಲ, ನನ್ನ ಕೆಲಸಕ್ಕೆ ಪ್ರಾಣಸಂಕಟ. ಈಗ ಪ್ರತಿ ಗಾಡಿಗೂ ಶುರುವಿಗೆ ಮುಂಚೆ ಸೆನ್ಸರಿನ ಸೊನ್ನೆ ಹಿಡಿದು ಕಳೆಯುತ್ತೇನೆ. ಅನುಮಾನ ಬಂದರೆ ಇನ್ನೊಂದು ಸಲ ತಳದಿಂದ ಡಿಸಿ ಫಾಸ್ಟ್ ಚಾರ್ಜರಿಗೆ ಹಾಕಿಸುತ್ತೇನೆ. ಅಲ್ಲಿ ಎಪ್ಪತ್ತೆಂಬತ್ತು ಆಂಪಿಯರ್ ಹರಿಯುವುದರಿಂದ 0.3 ಮುಳುಗಿಹೋಗುತ್ತದೆ, ಚಾರ್ಜರಿನ ಪರದೆಯ ಯೂನಿಟ್ಟೂ ತಾಳೆ ನೋಡಲು ಸಿಗುತ್ತದೆ. ಪ್ಯಾಕಿನ ಬಿಸಿ 28ರಿಂದ 33 ಡಿಗ್ರಿ ಒಳಗಿದ್ದಾಗ ಮಾತ್ರ ಅಳೆಯುತ್ತೇನೆ. ಡಿಸೆಂಬರಿನ ಧಾರವಾಡದ ಬೆಳಗಿನಲ್ಲಿ ಅಳೆದದ್ದಕ್ಕೂ ಏಪ್ರಿಲ್‌ನಲ್ಲಿ ಅಳೆದದ್ದಕ್ಕೂ ಹೋಲಿಕೆಯೇ ಇಲ್ಲ. ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗೆ ಕ್ಲಾಂಪ್ ಮೀಟರ್ ಹಾಕುತ್ತೇನೆ ಅಂತ ಯಾರೂ ಕೈ ಹಾಕಬೇಡಿ, ಅದರ ಅಗತ್ಯವೇ ಇಲ್ಲ.

ಮೇಲಿನ ತುದಿಯಲ್ಲಿ ನೋಡಬೇಕಾದದ್ದು ಇನ್ನೊಂದಿದೆ, ನನಗೆ ಹೆಚ್ಚು ದುಡ್ಡು ತಂದದ್ದೂ ಅದೇ. ತಳದಲ್ಲಿ ಮೊದಲು ಬಿದ್ದ ಸೆಲ್ಲೇ ಮೇಲೆ ಮೊದಲು ಏರಿದರೆ ಅದರ ಹೊಟ್ಟೆಯೇ ಕುಗ್ಗಿದೆ, ಔಷಧಿ ಇಲ್ಲ. ತಳದಲ್ಲಿ ಮೊದಲು ಬಿದ್ದದ್ದು ಮೇಲೆಯೂ ಎಲ್ಲರಿಗಿಂತ ಹಿಂದೆ ಉಳಿದರೆ ಅದು ಸವೆದಿಲ್ಲ, ಉಳಿದವಕ್ಕಿಂತ ಕಡಿಮೆ ಚಾರ್ಜ್ ಆಗಿ ಬ್ಯಾಲೆನ್ಸ್ ತಪ್ಪಿದೆ ಅಷ್ಟೇ. ಹಾವೇರಿಯ ಒಬ್ಬ ಮೇಷ್ಟ್ರು ತಮ್ಮ ಗಾಡಿ ಮಾರಲು ಹೊರಟಾಗ ಬ್ಯಾಟರಿ ಹೋಗಿದೆ ಅಂತ ಡೀಲರ್‌ಗಳು ಒಂದು ಲಕ್ಷದ ಮೇಲೆ ಮುರಿದುಕೊಂಡು ಕೇಳುತ್ತಿದ್ದರು. ಅಳೆದರೆ 86, ಲಕ್ಷಣ ಎರಡನೆಯದು. ವಾರವಿಡೀ ಪ್ರತಿ ರಾತ್ರಿ ನಿಧಾನ ಚಾರ್ಜರಿನಲ್ಲಿ ಫುಲ್ ಆದ ಮೇಲೂ ಪ್ಲಗ್ ತೆಗೆಯದೆ ಬಿಡಲು ಹೇಳಿದೆ. ಎಲ್ಲ ಸೆಲ್ ಒಂದೇ ಮಟ್ಟಕ್ಕೆ ತರುವ ಬ್ಯಾಲೆನ್ಸಿಂಗ್ ಕರೆಂಟು ತೀರಾ ಸಣ್ಣದು, ಅವಸರ ಮಾಡಿದರೆ ನಡೆಯದು. ಮತ್ತೆ ಅಳೆದಾಗ 90 ದಾಟಿತ್ತು. ಅವರು ಗಾಡಿ ಮಾರಲೇ ಇಲ್ಲ, ಈಗಲೂ ಶಿಗ್ಗಾವಿ ರಸ್ತೆಯಲ್ಲಿ ಅದನ್ನೇ ಓಡಿಸುತ್ತಾರೆ.

ಆದರೆ ಡೀಲರ್‌ಗಳ ಬಾಯಿ ಮುಚ್ಚಿಸಿದ್ದು ಒಂದು ಟ್ಯಾಕ್ಸಿ. ಓಡಿದ್ದು ಒಂದೂಕಾಲು ಲಕ್ಷ ಕಿಲೋಮೀಟರ್, ಹೆಚ್ಚಾಗಿ ಫಾಸ್ಟ್ ಚಾರ್ಜಿನಲ್ಲೇ. ಸ್ಕ್ಯಾನರಿನಲ್ಲಿ 95. ನನ್ನ ಲೆಕ್ಕದಲ್ಲಿ 74, ಒಂದು ಸೆಲ್ ತಳದಲ್ಲೂ ಮೇಲೂ ಮೊದಲು. ಡೀಲರ್ ನಕ್ಕರು. ಕೊಳ್ಳಲು ಬಂದಿದ್ದ ಹುಡುಗ ನನ್ನ ಮಾತು ಕೇಳಿ, ವಾರಂಟಿ ಇನ್ನೂ ಇರುವುದರಿಂದ ಮೊದಲು ಕಂಪನಿಯಲ್ಲಿ ಕೆಪಾಸಿಟಿ ಟೆಸ್ಟ್ ಮಾಡಿಸಿ ಅಂತ ಹಠ ಹಿಡಿದ. ನನ್ನ ಗ್ರಾಫು ತೋರಿಸಿದ ಮೇಲೆ ಅಲ್ಲಿ ಟೆಸ್ಟಿಗೆ ಒಪ್ಪಿದರು. ಅವರ ಉತ್ತರ 73ರ ಹತ್ತಿರ ಬಂತು. ಆ ಸೆಲ್ ಇದ್ದ ಮಾಡ್ಯೂಲ್ (ಸೆಲ್ಲುಗಳ ಕಟ್ಟು) ಬದಲಾಯಿತು, ಅದೂ ಬಿಟ್ಟಿಯಾಗಿ. ಆ ವಾರದಿಂದ ನನ್ನ ಫೋನು ಸುಮ್ಮನಿದ್ದದ್ದೇ ಕಡಿಮೆ. 2020ರ ನೆಕ್ಸಾನ್ ಇವಿಗೆ ಬ್ಯಾಟರಿ ವಾರಂಟಿ 8 ವರ್ಷ ಇಲ್ಲವೇ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅಂದರೆ 2020ರಲ್ಲಿ ಕೊಂಡ ಗಾಡಿಗೆ 2028ರಲ್ಲಿ ಮುಗಿಯುತ್ತದೆ. ಯಾವುದೇ ಗಾಡಿಯಾಗಲಿ, ವಾರಂಟಿ ಮುಗಿಯುವ ಆರು ತಿಂಗಳ ಮುಂಚೆ ಒಮ್ಮೆ ಅಳೆಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ದುಡ್ಡಿನ ಲೆಕ್ಕ: ಡಾಂಗಲ್, ಮೀಟರ್, ಹಳೇ ಲ್ಯಾಪ್‌ಟಾಪ್, ಚಾರ್ಜಿಂಗ್ ಪಾಯಿಂಟಿಗೆ ದಪ್ಪ ವಾಯರಿಂಗ್, ವ್ಯರ್ಥವಾದ ಕರೆಂಟು ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ಒಂದು ಗಾಡಿಗೆ ಎರಡೂವರೆ ಸಾವಿರ ತಗೊಳ್ಳುತ್ತೇನೆ. ದುಬಾರಿ ಅನ್ನುವವರಿಗೆ ಹೊಸ ಪ್ಯಾಕಿನ ರೇಟು ಲಕ್ಷಗಳಲ್ಲಿದೆ ಅಂತ ನೆನಪಿಸುತ್ತೇನೆ.

ನಡುವೆ ಸ್ಕೂಟರ್ ಪ್ಯಾಕ್‌ಗಳ ಮೇಲೂ ಕೈ ಆಡಿಸಿದೆ. 12 ವೋಲ್ಟಿನ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬ್ ನಾಲ್ಕನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್ ಪ್ಯಾಕಿಗೆ ಒಳ್ಳೇ ಲೋಡ್, ಸುಮಾರು ಐದು ಆಂಪಿಯರ್ ಎಳೆಯುತ್ತದೆ. ಬಲ್ಬಿನ ಬೆಳಕು ಮಂಕಾಗುವುದರಿಂದಲೇ ತಳ ಬಂತು ಅಂತ ಗೊತ್ತಾಗುತ್ತದೆ. ಅಂಗಡಿ ಹುಡುಗರಿಗೆ ಕೆಲಸ ಕಲಿಸಲು ಇದಕ್ಕಿಂತ ಚಲೋ ಸಾಧನ ಸಿಗಲಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದು ವೋಲ್ಟೇಜ್ ಎಷ್ಟು ಕುಸಿಯಿತು ನೋಡಿ ಒಳ ಪ್ರತಿರೋಧ ಲೆಕ್ಕ ಹಾಕುವುದನ್ನೂ ಮಾಡುತ್ತಿದ್ದೇನೆ. 200 ಆಂಪಿಯರಿಗೆ 14 ವೋಲ್ಟ್ ಇಳಿದರೆ 70 ಮಿಲಿಓಮ್. ಆದರೆ ಪ್ಯಾಕ್ ಹತ್ತು ಡಿಗ್ರಿ ತಣ್ಣಗಿದ್ದರೆ ಅಂಕಿಯೇ ಬದಲಾಗುತ್ತದೆ, ಹಾಗಾಗಿ ವರದಿಯಲ್ಲಿ ಬರೆಯುವಷ್ಟು ಧೈರ್ಯ ಇನ್ನೂ ಕೊಟ್ಟಿಲ್ಲ.

44.5 ಯೂನಿಟ್ಟಿನ ಎಂಜಿ ಝಡ್‌ಎಸ್ ಇವಿ, 39.2ರ ಕೋನಾ ಇಂಥ ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಸೆಲ್ಲಿನ) ಗಾಡಿಗಳಿಗೆ ಈ ತಳ ಮುಟ್ಟಿಸುವ ಕಷ್ಟ ಬೇಡ. ಅಲ್ಲಿ ವೋಲ್ಟೇಜ್ ಉದ್ದಕ್ಕೂ ಇಳಿಜಾರಾಗಿರುವುದರಿಂದ, ದಣಿವಾರಿಸಿಕೊಂಡ ಪ್ಯಾಕಿನ ಎರಡು ವೋಲ್ಟೇಜ್ ನಡುವೆ ಆಂಪಿಯರ್ ಎಣಿಸಿದರೆ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಅದರ ಕೋಷ್ಟಕ ಈಗ ತಯಾರಾಗುತ್ತಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಥ ಗಾಡಿ ಕಡಿಮೆ, ಗದಗ ಹಾವೇರಿ ಕಡೆ ಇನ್ನೂ ಕಡಿಮೆ. ನಿಮ್ಮ ಹತ್ತಿರ ಇದ್ದರೆ ಒಂದು ರಾತ್ರಿ ತಂದು ನಿಲ್ಲಿಸಿ, ಆ ಗಾಡಿಗಳಿಗೆ ಸದ್ಯಕ್ಕೆ ನಾನು ಏನೂ ತಗೊಳ್ಳುವುದಿಲ್ಲ.