ಗೊಂಬೆಯ ಹೊಟ್ಟೆಯೊಳಗೆ ಒಂದು ಚೀಟಿ: ಹಳೇ ಗೊಂಬೆಗಳನ್ನು ರಿಪೇರಿ ಮಾಡಿದ ನನ್ನ ಅನುಭವ

ಆ ಗೊಂಬೆ ಸಿಕ್ಕಿದ್ದು ಹಳೇ ಸಾಮಾನು ತುಂಬಿದ್ದ ಒಂದು ರಟ್ಟಿನ ಡಬ್ಬಿಯ ತಳದಲ್ಲಿ. ತಲೆ ಒಂದು ಕಡೆ, ಕಾಲು ಒಂದು ಕಡೆ. ಎಡಗಣ್ಣು ತೆರೆದಿತ್ತು, ಬಲಗಣ್ಣು ಅರ್ಧ ಮುಚ್ಚಿತ್ತು. ಕೂದಲು ನಾರಿನ ಹಾಗೆ ಗಂಟುಕಟ್ಟಿತ್ತು. ಮುಂಡ ಎತ್ತಿ ಅಲ್ಲಾಡಿಸಿದಾಗ ಒಳಗಿಂದ ಕಪ್ಪು ಪುಡಿ ಉದುರಿತು. ಅದು ರಬ್ಬರ್. ಕೈ, ಕಾಲು, ತಲೆಯನ್ನು ಬಿಗಿಯಾಗಿ ಹಿಡಿದಿದ್ದ ರಬ್ಬರ್ ವರ್ಷಗಟ್ಟಲೆ ಒಣಗಿ ಪುಡಿಯಾಗಿತ್ತು. ಗೊಂಬೆ ಮಾತ್ರ ಗಟ್ಟಿಯಾಗಿಯೇ ಇತ್ತು. ಒಂದು ಬೆರಳೂ ಮುರಿದಿರಲಿಲ್ಲ.

ಹಾಳಾಯ್ತು ಅಂತ ಎಸೆದ ಎಷ್ಟೋ ಗೊಂಬೆಗಳ ಕಥೆ ಇಷ್ಟೇ. ಒಳಗಿನ ರಬ್ಬರ್ ಸತ್ತಿರುತ್ತದೆ, ಗೊಂಬೆ ಬದುಕಿರುತ್ತದೆ. ಇದು ಗೊತ್ತಾದ ಮೇಲೆ ನಾನು ಹುಡುಕುವ ರೀತಿಯೇ ಬದಲಾಯಿತು. ಈಗ ಚೆಂದ ನೋಡುವುದಿಲ್ಲ, ಮೊದಲು ಮುಖ ನೋಡುತ್ತೇನೆ. ಮುಖದ ಬಣ್ಣ ಮೂಲದ್ದೇ ಆಗಿದ್ದು, ಬಿರುಕಿಲ್ಲದಿದ್ದರೆ ಮಿಕ್ಕಿದ್ದನ್ನು ಸರಿಮಾಡಬಹುದು. ಹಳೇ ಬಟ್ಟೆಯ ಗಂಟು, ಬಿಡಿ ಆಟಿಕೆಗಳ ಚೀಲ, ಯಾರದೋ ಮನೆಯ ಅಟ್ಟ, ಇಂಥ ಕಡೆಯೇ ಒಳ್ಳೆಯವು ಸಿಗುತ್ತವೆ. ಗಾಜಿನ ಕಪಾಟಿನಲ್ಲಿ ಇಟ್ಟವಕ್ಕೆ ಆಗಲೇ ಯಾರೋ ಕೈ ಹಾಕಿರುತ್ತಾರೆ.

ಮನೆಗೆ ತಂದ ಕೂಡಲೇ ತೊಳೆಯಬೇಕು ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ನನ್ನ ಎರಡನೇ ಗೊಂಬೆಯನ್ನು ಸೋಪು ನೀರಿನಲ್ಲಿ ಅದ್ದಿದೆ. ಅದು ಕಾಂಪೊಸಿಷನ್ ಗೊಂಬೆ. ಅಂದರೆ ಮರದ ಹೊಟ್ಟು, ಸರೇಸು ಕಲಸಿ, ಅಚ್ಚಿಗೆ ಒತ್ತಿ, ಮೇಲೆ ಬಣ್ಣ ಬಳಿದು ಮಾಡಿದ್ದು. ಎರಡನೇ ಮಹಾಯುದ್ಧದ ನಂತರ ಗಟ್ಟಿ ಪ್ಲಾಸ್ಟಿಕ್ ಬರುವವರೆಗೆ ಇಂಥವೇ ಜಾಸ್ತಿ ಇದ್ದವು. ನೀರು ತಾಗಿದ್ದೇ ಹೊಟ್ಟು ಉಬ್ಬಿತು. ನೋಡನೋಡುತ್ತ ಕೆನ್ನೆಯ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು. ಎಪ್ಪತ್ತು ವರ್ಷ ಉಳಿದುಕೊಂಡು ಬಂದಿದ್ದ ಮುಖ ನನ್ನ ಕೈಯಲ್ಲಿ ಐದು ನಿಮಿಷದಲ್ಲಿ ಹೋಯಿತು. ಆ ಗೊಂಬೆಯನ್ನು ಇವತ್ತಿಗೂ ಮೇಜಿನ ಎದುರಿಗೇ ಇಟ್ಟುಕೊಂಡಿದ್ದೇನೆ.

ಅವತ್ತಿನಿಂದ ಮೊದಲ ಕೆಲಸ, ಗೊಂಬೆ ಯಾವುದರಿಂದ ಮಾಡಿದ್ದು ಅಂತ ತಿಳಿಯುವುದು. ಕೈಗೆ ತುಂಬ ಹಗುರ, ಟೇಬಲ್ ಟೆನಿಸ್ ಚೆಂಡಿನ ಹಾಗೆ ತೆಳು ಅನ್ನಿಸಿದರೆ ಅದು ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್ ಇರಬಹುದು. ಬೆರಳಿನಿಂದ ಚೆನ್ನಾಗಿ ಉಜ್ಜಿದರೆ ಸಣ್ಣಗೆ ಕರ್ಪೂರದ ವಾಸನೆ ಬರುತ್ತದೆ, ಯಾಕೆಂದರೆ ಅದರಲ್ಲಿ ಕರ್ಪೂರವೇ ಇದೆ. ಬೆನ್ನ ಮೇಲೆ ಆಮೆಯ ಮುದ್ರೆ ಇದ್ದರೆ ಜರ್ಮನಿಯ ಪ್ರಸಿದ್ಧ ಸೆಲ್ಯುಲಾಯ್ಡ್ ಕಾರ್ಖಾನೆಯದ್ದು. ಸೆಲ್ಯುಲಾಯ್ಡಿಗೆ ಬೆಂಕಿ ಬೇಗ ಹತ್ತುತ್ತದೆ. ದೀಪ, ಬಿಸಿನೀರು, ಬಿಸಿಲು ಯಾವುದರ ಹತ್ತಿರವೂ ಅದನ್ನು ಇಡುವುದಿಲ್ಲ. ಕೆಲವು ಹಳೇ ಗಟ್ಟಿ ಪ್ಲಾಸ್ಟಿಕ್ ಗೊಂಬೆಗಳು ವಿನೆಗರ್ ವಾಸನೆ ಹೊಡೆಯುತ್ತವೆ. ಪ್ಲಾಸ್ಟಿಕ್ಕೇ ಒಳಗಿಂದ ಕೆಡುತ್ತಿದೆ ಅಂತ ಅರ್ಥ. ಅಂಥದ್ದನ್ನು ಬೇರೆ ಗೊಂಬೆಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ.

ಹೊಳಪಿಲ್ಲದ ಪಿಂಗಾಣಿಯ ತಲೆ, ಅಂದರೆ ಬಿಸ್ಕ್ ತಲೆ ಸಿಕ್ಕರೆ ವಿಗ್ ನಿಧಾನಕ್ಕೆ ಎತ್ತಿ, ಕತ್ತಲಲ್ಲಿ ಒಳಗೆ ಸಣ್ಣ ಟಾರ್ಚ್ ಹಿಡಿಯುತ್ತೇನೆ. ತಲೆ ಪೂರ್ತಿ ಬೆಳಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಕಪ್ಪು ಗೆರೆಯಾಗಿ ಕಾಣುತ್ತದೆ. ಹೊರಗಿಂದ ಎಷ್ಟು ನೋಡಿದರೂ ಕಾಣದ್ದು ಅಲ್ಲಿ ಸಿಗುತ್ತದೆ. ಹಳೇ ರಿಪೇರಿ ಮಾಡಿ ಬಣ್ಣ ಬಳಿದ ಜಾಗವೂ ಮಬ್ಬಾಗಿ ನಿಲ್ಲುತ್ತದೆ.

ಮೈಮೇಲಿನ ಇಸವಿಯನ್ನು ಸುಮ್ನೆ ನಂಬಬಾರದು. ಬಾರ್ಬಿ ಮೊದಲು ಬಂದಿದ್ದು 1959ರಲ್ಲಿ. ಆದರೆ ತುಂಬ ಬಾರ್ಬಿಗಳ ಸೊಂಟದ ಕೆಳಗೆ 1966 ಅಂತ ಇರುತ್ತದೆ. ಅರವತ್ತರ ದಶಕದ ಗೊಂಬೆ ಸಿಕ್ಕಿತು ಅಂತ ಖುಷಿಪಡುವವರು ಬಹಳ ಜನ. ಅದು ಆ ದೇಹದ ವಿನ್ಯಾಸಕ್ಕೆ ಹಕ್ಕು ಪಡೆದ ವರ್ಷ ಅಷ್ಟೇ. ಎಷ್ಟೋ ವರ್ಷ ಆಮೇಲೆ ಮಾಡಿದ ಗೊಂಬೆಗಳ ಮೇಲೂ ಅದೇ ಇಸವಿ ಬಂದಿದೆ.

ಡಬ್ಬಿಯ ಗೊಂಬೆಗೆ ಬರುತ್ತೇನೆ. ಅದು ಗಟ್ಟಿ ಪ್ಲಾಸ್ಟಿಕ್ಕಿನದು, ಮಲಗಿಸಿದರೆ ಕಣ್ಣು ಮುಚ್ಚುವಂಥದ್ದು. ಕಣ್ಣಿನ ಹಿಂದೆ ಒಂದು ತೂಕದ ಗುಂಡು ಇರುತ್ತದೆ, ಗೊಂಬೆ ಮಲಗಿದಾಗ ಅದು ವಾಲಿ ರೆಪ್ಪೆಯನ್ನು ಎಳೆಯುತ್ತದೆ. ಬಲಗಣ್ಣಿನ ತಂತಿಗೆ ತುಕ್ಕು ಹಿಡಿದಿತ್ತು. ಬೆರಳಿಂದ ಒತ್ತಿ ತೆರೆಯಲು ಹೋದರೆ ಕಣ್ಣು ಕಿತ್ತು ಒಳಗೆ ಬೀಳುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೇ ಹನಿ ತೆಗೆದುಕೊಂಡು ಕಣ್ಣಿನ ಮೂಲೆಗೆ ಬಿಟ್ಟೆ. ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಗ್ಗೆ ತಲೆಯನ್ನು ಮೆತ್ತಗೆ ಹಿಂದೆ ಮುಂದೆ ವಾಲಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಹನಿ, ಇನ್ನೊಂದು ರಾತ್ರಿ. ಮೂರನೇ ದಿನ 'ಟಕ್' ಅಂತ ಒಂದು ಸದ್ದಾಯಿತು. ಎರಡೂ ಕಣ್ಣು ಒಟ್ಟಿಗೆ ಮುಚ್ಚಿ, ಒಟ್ಟಿಗೆ ತೆರೆದವು. ಆ ಸದ್ದು ಕೇಳಿದ ಖುಷಿಯನ್ನು ನಾನು ಇನ್ನೂ ಮರೆತಿಲ್ಲ.

ಕೂದಲಿಗೆ ಜಾಸ್ತಿ ಹೊತ್ತು ಹಿಡಿಯಿತು. ಇದು ಸಿಂಥೆಟಿಕ್ ಕೂದಲು, ಹಾಗಾಗಿ ನೀರಿಗೆ ಹೆದರಬೇಕಿರಲಿಲ್ಲ. ಕಣ್ಣಿಗೆ ನೀರು ಹೋಗದ ಹಾಗೆ ಮುಖ ಮುಚ್ಚಿ, ಶಾಂಪೂ ಹಾಕಿ ತೊಳೆದು, ಕಂಡಿಷನರ್ ಸವರಿ, ತುದಿಯಿಂದ ಮೇಲಕ್ಕೆ ಒಂದೊಂದೇ ಎಳೆ ಬಿಡಿಸುತ್ತ ಹೋದೆ. ಬುಡದಿಂದ ಬಾಚಿದರೆ ಗುಚ್ಛಗುಚ್ಛವೇ ಕಿತ್ತು ಬರುತ್ತದೆ. ಕುರಿ ಅಥವಾ ಮೇಕೆ ಉಣ್ಣೆಯ ವಿಗ್ ಆಗಿದ್ದರೆ ಈ ಕೆಲಸಕ್ಕೇ ಹೋಗುತ್ತಿರಲಿಲ್ಲ. ಅದಕ್ಕೆ ನೀರು ಸೋಕಿಸದೆ ಬೆರಳಲ್ಲೇ ಬಿಡಿಸುವುದು ಒಳ್ಳೆಯದು.

ಆಮೇಲೆ ಕೀಲು ಕಟ್ಟುವುದು. ಗುಂಡನೆಯ ಎಲಾಸ್ಟಿಕ್, ಒಂದು ಕ್ರೋಷೆ ಕಡ್ಡಿ, ಒಂದು ಉದ್ದ ಮೂಗಿನ ಇಕ್ಕಳ, ಇಷ್ಟು ಸಾಕು. ಕೈಗಳಿಗೆ ಒಂದು ಉಂಗುರ, ತಲೆ ಮತ್ತು ಕಾಲುಗಳಿಗೆ ಇನ್ನೊಂದು. ಎಳೆಯದೆ ಇದ್ದಾಗ ಉಂಗುರದ ಉದ್ದ ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಇರುವ ದೂರಕ್ಕಿಂತ ಸ್ವಲ್ಪ ಕಮ್ಮಿ ಇರಬೇಕು. ಸಡಿಲವಾದರೆ ತಲೆ ವಾಲುತ್ತದೆ. ಬಿಗಿಯಾದರೆ ಇನ್ನೂ ಅಪಾಯ. ಬಿಸ್ಕ್ ತಲೆಯಾದರೆ ಕತ್ತಿನ ಅಂಚೇ ಒಡೆಯುತ್ತದೆ. ನಾನು ನಾಲ್ಕು ಸಲ ಕಟ್ಟಿ, ನಾಲ್ಕು ಸಲ ಬಿಚ್ಚಿದೆ. ಐದನೇ ಸಲ ಕೈ ಎತ್ತಿ ಬಿಟ್ಟಾಗ ಕೈ ಎತ್ತಿದಲ್ಲೇ ನಿಂತಿತು. ಅದೇ ಸರಿಯಾದ ಬಿಗಿ.

ಕಲೆ ತೆಗೆಯುವುದರಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ಇನ್ನೊಂದು ಗೊಂಬೆ. ವಿನೈಲ್, ಅಂದರೆ ಮೆತ್ತನೆಯ ಪ್ಲಾಸ್ಟಿಕ್ಕಿನ ತಲೆ, ಕಿವಿಯಲ್ಲಿ ಸಣ್ಣ ಲೋಹದ ಓಲೆ. ಓಲೆಯ ತಾಮ್ರಕ್ಕೆ ಕಿಲುಬು ಹಿಡಿದು, ಆ ಹಸಿರು ವಿನೈಲಿನ ಒಳಕ್ಕೇ ಇಳಿದಿತ್ತು. ಎರಡೂ ಕಿವಿಯ ಸುತ್ತ ಪಾಚಿ ಕಟ್ಟಿದ ಹಾಗೆ ಕಾಣುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಯಾಕೆಂದರೆ ಕಲೆ ಇರುವುದು ಮೇಲೆ ಅಲ್ಲ. ಮೊದಲು ಓಲೆ ತೆಗೆದೆ. ಮೊಡವೆಗೆ ಹಚ್ಚುವ, ಶೇ. 10ರಷ್ಟು ಬೆನ್‌ಝಾಯ್ಲ್ ಪೆರಾಕ್ಸೈಡ್ ಇರುವ ಕ್ರೀಮನ್ನು ಕಲೆಯ ಮೇಲೆ ಮಾತ್ರ ಹಚ್ಚಿ, ಒಣಗದ ಹಾಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಟ್ಟೆ. ದಿನಾ ಸಂಜೆ ತೊಳೆದು ನೋಡುವುದು, ಮತ್ತೆ ಹಚ್ಚುವುದು. ಎರಡು ವಾರಕ್ಕೆ ಹಸಿರು ಹೋಗಿ ಕಿವಿ ಬೆಳ್ಳಗಾಯಿತು.

ಸ್ವಲ್ಪ ಜಾಸ್ತಿಯೇ ಬೆಳ್ಳಗಾಯಿತು. ಕೆನ್ನೆಗೂ ಕಿವಿಗೂ ಬಣ್ಣದಲ್ಲಿ ವ್ಯತ್ಯಾಸ ಬಂತು. ಕೆಲವು ತಿಂಗಳು ಬಿಟ್ಟು ನೋಡಿದರೆ ಹಸಿರು ಮತ್ತೆ ಸಣ್ಣಗೆ ಮೇಲೆ ಬಂದಿತ್ತು. ಆಳದಲ್ಲಿ ಉಳಿದದ್ದು ಮೆಲ್ಲಗೆ ಹೊರಗೆ ಬರುತ್ತದೆ. ಎರಡನೇ ಸಲ ಅರ್ಧ ಹೋದ ಕೂಡಲೇ ನಿಲ್ಲಿಸಿದೆ. ಆ ಕ್ರೀಮು ಕಲೆಯ ಬಣ್ಣ, ಗೊಂಬೆಯ ಬಣ್ಣ ಅಂತ ಭೇದ ಮಾಡುವುದಿಲ್ಲ. ತುಟಿ, ಹುಬ್ಬಿನ ಹತ್ತಿರ ನಾನು ಅದನ್ನು ತರುವುದೇ ಇಲ್ಲ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ಅಂತೂ ಬೇಡವೇ ಬೇಡ, ಹಳೇ ಗಟ್ಟಿ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ.

ಅದೇ ಗೊಂಬೆಯ ಎಡತೋಳಿನ ಮೇಲೆ ಬಾಲ್‌ಪೆನ್ನಿನ ಒಂದು ಚುಕ್ಕೆ ಇತ್ತು. ಶಾಯಿಯ ಕಲೆಗೂ ಇದೇ ಕ್ರೀಮು ಆಗುತ್ತದೆ. ಹಚ್ಚಲು ಹತ್ತಿಕಡ್ಡಿ ಕೈಗೆತ್ತಿಕೊಂಡು ಹತ್ತಿರದಿಂದ ನೋಡಿದೆ. ಚುಕ್ಕೆ ಒಂದಲ್ಲ. ಒಂದರ ಮೇಲೊಂದು ಏಳೆಂಟು ಚುಕ್ಕೆ, ಎಲ್ಲವೂ ಒಂದೇ ಜಾಗದಲ್ಲಿ, ಸೂಜಿಮದ್ದು ಚುಚ್ಚುವ ಜಾಗದಲ್ಲಿ. ಮಗುವೊಂದು ಡಾಕ್ಟರ್ ಆಟ ಆಡಿದೆ. ಒಂದು ಸಲ ಅಲ್ಲ, ಎಷ್ಟೋ ಸಲ. ಈ ಗೊಂಬೆಗೆ ಜ್ವರ ಬಂದು, ಮದ್ದು ಚುಚ್ಚಿಸಿಕೊಂಡು, ವಾಸಿಯಾಗಿ, ಮತ್ತೆ ಜ್ವರ ಬಂದಿದೆ. ಹತ್ತಿಕಡ್ಡಿ ಕೆಳಗಿಟ್ಟೆ.

ಹಾಳಾದದ್ದು ಯಾವುದು, ಆಡಿದ ಗುರುತು ಯಾವುದು, ಈ ಎರಡನ್ನೂ ನಾನು ಬೇರೆ ಬೇರೆಯಾಗಿ ನೋಡಲು ಕಲಿತದ್ದು ಅಲ್ಲಿ. ಕಿಲುಬು ಗೊಂಬೆಯನ್ನು ತಿನ್ನುತ್ತದೆ, ಅದನ್ನು ತಡೆಯಬೇಕು. ಸತ್ತ ರಬ್ಬರ್ ತೆಗೆಯಬೇಕು. ಮೂಗಿನ ತುದಿಯಲ್ಲಿ ಮುತ್ತಿಟ್ಟು ಸವೆದ ಬಣ್ಣವನ್ನು ಮತ್ತೆ ಬಳಿಯಬೇಕಾಗಿಲ್ಲ. ಹೊಸದರ ಹಾಗೆ ಹೊಳೆಯಬೇಕು ಅನ್ನುವವರು ಇದ್ದಾರೆ, ಅವರ ಕೆಲಸವೂ ಅಚ್ಚುಕಟ್ಟಾಗಿರುತ್ತದೆ. ನನ್ನ ಮನಸ್ಸು ಮಾತ್ರ ಆ ಕಡೆ ಹೋಗುವುದಿಲ್ಲ. ಮೂಲದ ಬಣ್ಣ ಒಮ್ಮೆ ಹೋದರೆ ಅದನ್ನು ಯಾರೂ ವಾಪಸ್ ತರಲಾರರು.

ಈಗ ಕೀಲು ಕಟ್ಟುವ ಮುಂಚೆ ಒಂದು ಸಣ್ಣ ಚೀಟಿ ಬರೆದು ಮುಂಡದ ಒಳಗೆ ಹಾಕುತ್ತೇನೆ. ಇನ್ಯಾವಾಗಲೋ ಈ ಎಲಾಸ್ಟಿಕ್ಕೂ ಸಾಯುತ್ತದೆ, ಯಾರೋ ಬಿಚ್ಚುತ್ತಾರೆ. ಅವರಿಗೆ ನಾನು ಏನು ಮುಟ್ಟಿದೆ, ಏನು ಮುಟ್ಟಲಿಲ್ಲ ಅಂತ ಗೊತ್ತಾಗಲಿ. ಆ ಗೊಂಬೆಯ ಚೀಟಿಯಲ್ಲಿ ಮೂರೇ ಸಾಲು ಇದೆ. ಓಲೆ ತೆಗೆದಿದ್ದೇನೆ. ಕಿವಿಯ ಹಸಿರು ಎರಡು ಸಲ ತೆಗೆದಿದೆ, ಮತ್ತೆ ಬರಬಹುದು. ಎಡತೋಳಿನ ಚುಕ್ಕೆ ಸೂಜಿಮದ್ದಿನದು, ದಯವಿಟ್ಟು ಅಳಿಸಬೇಡಿ.