ಕನ್ಸಲ್ಟಿಂಗ್ ಕಂಪನಿ ಬದಲಿಸೋಕೆ ಮುಂಚೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗಿ ಕನ್ಸಲ್ಟಿಂಗ್ (ಬೇರೆ ಕಂಪನಿಗಳಿಗೆ ಸಲಹೆ ಕೊಡುವ) ಕೆಲಸಕ್ಕೆ ಸೇರಿದ ತಮ್ಮ-ತಂಗಿಯರಿಗೆ ಒಂದು ಮಾತು.

ಒಂದು ಪ್ರಾಜೆಕ್ಟ್ ಸರಿ ಇಲ್ಲ ಅಂತ ಕಂಪನಿ ಬಿಡಬೇಡಿ. ಪ್ರಾಜೆಕ್ಟ್ ಬದಲಾದರೆ ಎಷ್ಟೋ ಸಲ ಮ್ಯಾನೇಜರ್, ಕ್ಲೈಂಟ್ ಇಬ್ಬರೂ ಬದಲಾಗುತ್ತಾರೆ. ಮೊದಲು ಅದನ್ನೇ ಕೇಳಿ. ನಾನು ಕೇಳದೆ ಹತ್ತೇ ತಿಂಗಳಿಗೆ ಬಿಟ್ಟೆ. ಜಾಯ್ನಿಂಗ್ ಬೋನಸ್ ಪೂರ್ತಿ ವಾಪಸ್ ಕಟ್ಟಬೇಕಾಯಿತು. ಆಫರ್ ಲೆಟರ್‌ನ ಮೂರನೇ ಪುಟದಲ್ಲಿ 'ಒಂದು ವರ್ಷದೊಳಗೆ ಬಿಟ್ಟರೆ' ಅಂತ ಬರೆದಿತ್ತು. ದಯವಿಟ್ಟು ನಿಮ್ಮದನ್ನು ಇವತ್ತೇ ತೆಗೆದು ಓದಿ.

ಹಾಗಾದರೆ ಬಿಡೋದು ಯಾವಾಗ? ಊರಿಗೆ ಬರುವಾಗ ರೈಲಲ್ಲಿ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಕಳೆದ ಆರು ತಿಂಗಳಲ್ಲಿ ಹೊಸದಾಗಿ ಏನು ಕಲಿತೆ? ಎರಡು ಪ್ರಾಜೆಕ್ಟ್ ಆದಮೇಲೂ ಬೇರೆಯವರ ಸ್ಲೈಡ್‌ನ ಅಕ್ಷರ, ಬಣ್ಣ ಸರಿ ಮಾಡೋದೇ ಕೆಲಸ, ಕ್ಲೈಂಟ್ ಮುಂದೆ ಮಾತಾಡೋಕೆ ಬಿಡುತ್ತಿಲ್ಲ ಅಂದರೆ ಹುಡುಕೋಕೆ ಶುರು ಮಾಡಿ. ಸಂಬಳ ಜಾಸ್ತಿ ಅಂತ ಸುಮ್ನೆ ಒಪ್ಪಬೇಡಿ. ಎಂಥ ಪ್ರಾಜೆಕ್ಟ್ ಕೊಡುತ್ತಾರೆ ಅಂತ ಅಲ್ಲಿ ಈಗ ಇರುವವರನ್ನೇ ವಿಚಾರಿಸಿ.

ಇನ್ನೊಂದು, ಪಿಎಫ್ ದುಡ್ಡು ತೆಗೆಯಬೇಡಿ. 5 ವರ್ಷ ಸೇವೆ ಆಗುವ ಮುಂಚೆ ತೆಗೆದರೆ ತೆರಿಗೆ ಬೀಳಬಹುದು. ಅದೇ ಯುಎಎನ್‌ನಲ್ಲಿ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಹೊಸ ಕಂಪನಿಗೆ ವರ್ಗಾಯಿಸಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತೆ.